ಗ್ರಿಲ್ ಹಚ್ಚುವ ಮುಂಚೆ ಮುಚ್ಚಳ ತೆಗೆಯಿರಿ

ಎರಡು ಸಂಚಿಕೆ ಹಿಂದೆ ಸುಟ್ಟ ಬದನೆಕಾಯಿ ಗೊಜ್ಜಿನ ಬಗ್ಗೆ ಬರೆಯುವಾಗ ಒಂದು ಸಾಲು ಹಾಗೇ ಸೇರಿಕೊಂಡಿತ್ತು. ಒಹಾಯೊದ ಕೊಲಂಬಸ್‌ನಲ್ಲಿದ್ದ 11 ವರ್ಷ ನಾವು ಸೂಟ್‌ಕೇಸ್ ಗಾತ್ರದ ಗ್ಯಾಸ್ ಗ್ರಿಲ್ ಒಂದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ತಿರುಗುತ್ತಿದ್ದೆವು ಅಂತ. ಗೊಜ್ಜಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಗ್ರಿಲ್ ಬಗ್ಗೆ ಮಾತ್ರ ಇವತ್ತಿಗೂ ಪತ್ರ ಬರುತ್ತಲೇ ಇವೆ. ಮೈಸೂರಿಗೆ ವಾಪಸ್ ಬಂದು 6 ವರ್ಷವಾಯಿತು, ಇಲ್ಲೂ ಒಂದು ಚಿಕ್ಕದು ಇಟ್ಟುಕೊಂಡಿದ್ದೇನೆ. ಹಾಗಾಗಿ ಎರಡೂ ಕಡೆಯವರಿಗೆ ಉತ್ತರ ಹೇಳುವಷ್ಟು ಕೈ ಸುಟ್ಟುಕೊಂಡಿದ್ದೇನೆ ಅಂದುಕೊಳ್ಳಿ. ಈ ಸಲ ಪೂರ್ತಿ ಪುಟ ಅದಕ್ಕೇ.

ಪ್ರಶ್ನೆ: ಮೇಡಂ, ಗ್ಯಾಸ್ ಗ್ರಿಲ್ ಕೊಳ್ಳೋಣ ಅಂತಿದ್ದೀನಿ. ನಮ್ಮ ಭಾವ ನಗ್ತಾರೆ. ಅಡುಗೆಮನೆ ಒಲೆಯನ್ನೇ ಎತ್ತಿಕೊಂಡು ಹೋಗಿ ಟೆರೇಸಲ್ಲಿ ಇಟ್ಟ ಹಾಗೆ, ಕೆಂಡದ ರುಚಿ ಎಲ್ಲಿಂದ ಬರತ್ತೆ ಅಂತ ಅವರ ವಾದ. ನಿಜವಾ?
— ಜೆ.ಪಿ. ನಗರ, ಬೆಂಗಳೂರು

ಉತ್ತರ: ನಿಮ್ಮ ಭಾವ ಅರ್ಧ ಸರಿ. ಗ್ಯಾಸ್ ಗ್ರಿಲ್ ಅಂದರೆ ಒಲೆಯೇ. ಆದರೆ ಅದಕ್ಕೊಂದು ಮುಚ್ಚಳ ಇದೆ, ಆಟವೆಲ್ಲ ಆ ಮುಚ್ಚಳದ್ದು.

ನಾವು ‘ಕೆಂಡದ ರುಚಿ’ ಅನ್ನುವುದರಲ್ಲಿ ಕೆಂಡದ ಪಾಲು ನಾವು ಅಂದುಕೊಂಡಷ್ಟು ಇಲ್ಲ. ಇದ್ದಿಲು ಚೆನ್ನಾಗಿ ಹತ್ತಿ ಮೇಲೆ ಬೂದಿ ಕಟ್ಟುವ ಹೊತ್ತಿಗೆ ಅದರ ಹೊಗೆ ಬಹುಪಾಲು ಹೋಗಿರುತ್ತದೆ. ಆಮೇಲೆ ಬರುವ ಘಮ ಎಲ್ಲಿಂದ ಅಂದರೆ, ಮಾಂಸದ ಕೊಬ್ಬು, ಮಸಾಲೆಯ ಎಣ್ಣೆ, ತರಕಾರಿಯ ರಸ ತೊಟ್ಟು ತೊಟ್ಟಾಗಿ ಕೆಳಗೆ ಬಿದ್ದು, ಚುರ್ ಅಂತ ಸುಟ್ಟು, ಹೊಗೆಯಾಗಿ ಮೇಲೆದ್ದು ಮತ್ತೆ ಅದೇ ಪದಾರ್ಥಕ್ಕೆ ಹತ್ತಿಕೊಳ್ಳುತ್ತದಲ್ಲ, ಅದರಿಂದ. ಗ್ಯಾಸ್ ಗ್ರಿಲ್ಲಿನಲ್ಲೂ ಅದೇ ಆಗುತ್ತದೆ. ಅಲ್ಲಿ ತೊಟ್ಟು ಬೀಳುವುದು ಕಾದ ಕಬ್ಬಿಣದ ಮೇಲೆ, ಅಷ್ಟೇ ವ್ಯತ್ಯಾಸ. ಮುಚ್ಚಳ ಹಾಕಿದರೆ ಆ ಹೊಗೆ ಒಳಗೇ ಸುತ್ತುತ್ತದೆ. ನಿಮಿಷಕ್ಕೊಂದು ಸಲ ತೆಗೆದು ಇಣುಕಿದರೆ ಹೊಗೆಯೂ ಹೋಯಿತು, ಬಿಸಿಯೂ ಹೋಯಿತು.

ಸೌದೆ ಹೊಗೆಯ ವಾಸನೆ ಮಾತ್ರ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನಾನು ಮಾಡುವ ಕಳ್ಳಾಟ ಒಂದಿದೆ. ತೆಂಗಿನ ಚಿಪ್ಪಿನ ಚೂರೊಂದನ್ನು ಕೆಂಪಗೆ ಕೆಂಡವಾಗುವ ತನಕ ಸುಟ್ಟು, ಪುಟ್ಟ ಸ್ಟೀಲ್ ಬಟ್ಟಲಲ್ಲಿ ಹಾಕಿ, ಗ್ರಿಲ್ಲಿನ ಮೂಲೆಯಲ್ಲಿಟ್ಟು, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಮುಚ್ಚಳ ಹಾಕಿಬಿಡಿ. ಎರಡೇ ನಿಮಿಷ. ಜಾಸ್ತಿ ಬಿಟ್ಟರೆ ಎಲ್ಲ ಮಸಿಯ ರುಚಿ ಬರುತ್ತದೆ. ಭಾವನವರಿಗೆ ಹೇಳದೆ ತಿನ್ನಿಸಿ ನೋಡಿ.

ವರ್ಷಕ್ಕೆ ಎರಡು ಸಲ ಮಾಡುವವರಾದರೆ ಮಾತ್ರ ಕೊಳ್ಳಬೇಡಿ. ನಮ್ಮ ಬೀದಿಯಲ್ಲೇ ಎರಡು ಮನೆಯ ಅಟ್ಟದ ಮೇಲೆ ಅಂಥ ಗ್ರಿಲ್‌ಗಳು ಪ್ಲಾಸ್ಟಿಕ್ ಹೊದ್ದು ಕೂತಿವೆ.

ಪ್ರಶ್ನೆ: ನಮ್ಮ ಮಗ ಅಮೆರಿಕದಿಂದ ಬರುವಾಗ ಅಲ್ಲಿ ಬಳಸುತ್ತಿದ್ದ ಗ್ಯಾಸ್ ಗ್ರಿಲ್ ತರುತ್ತೇನೆ ಅನ್ನುತ್ತಿದ್ದಾನೆ. ನಮ್ಮ ಮನೆಯ ಸಿಲಿಂಡರ್‌ಗೆ ಕನೆಕ್ಷನ್ ಕೊಡಬಹುದೇ? ಇಲ್ಲಿ ಒಬ್ಬ ಮೆಕ್ಯಾನಿಕ್ ‘ಅಡಾಪ್ಟರ್ ಮಾಡಿಕೊಡ್ತೀನಿ’ ಎಂದಿದ್ದಾನೆ.
— ಶಿವಮೊಗ್ಗ

ಉತ್ತರ: ಬೇಡ ಸರ್. ಮಗನಿಗೆ ಅದನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬರಲು ಹೇಳಿ. ನಾವೂ ಹಾಗೇ ಮಾಡಿದ್ದು, ಪಕ್ಕದ ಮನೆಯ ತೆಲುಗಿನವರಿಗೆ ಕೊಟ್ಟು ಬಂದೆವು.

ಸುಮ್ನೆ ಹೆದರಿಸುತ್ತಿಲ್ಲ, ಕಾರಣ ಹೇಳುತ್ತೇನೆ. ಅಲ್ಲಿಯ ಪೋರ್ಟಬಲ್ ಗ್ರಿಲ್ ಕೆಲಸ ಮಾಡುವುದು 1 ಪೌಂಡಿನ, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಗ್ಯಾಸಿರುವ ಡಬ್ಬಿಯಲ್ಲಿ. ಅದರಲ್ಲಿರುವುದು ಪ್ರೊಪೇನ್. ಡಬ್ಬಿಯನ್ನು ತಿರುಗಿಸಿ ಕೂರಿಸುವ ಜಾಗದಲ್ಲೇ ರೆಗ್ಯುಲೇಟರ್ ಇರುತ್ತದೆ. ಡಬ್ಬಿಯೊಳಗಿನ ಜೋರು ಒತ್ತಡವನ್ನು ಇಳಿಸಿ ಬರ್ನರ್‌ಗೆ ಕೊಡುವುದು ಅದರ ಕೆಲಸ. ನಮ್ಮ ಮನೆಯಲ್ಲಿ ಸಿಲಿಂಡರ್ ಮೇಲೆ ಟಕ್ ಅಂತ ಕೂರುವ ರೆಗ್ಯುಲೇಟರ್ ಇದೆಯಲ್ಲ, ಅದೂ ಅದೇ ಕೆಲಸ ಮಾಡಿ ಒತ್ತಡವನ್ನು 30 ಮಿಲಿಬಾರ್‌ಗೆ ಇಳಿಸಿ ಕೊಡುತ್ತದೆ. ಈಗ ಒಂದರ ಹಿಂದೆ ಒಂದು ಎರಡು ರೆಗ್ಯುಲೇಟರ್ ಹಾಕಿದರೆ ಏನಾಗುತ್ತದೆ? ಉರಿ ಸೊರಗುತ್ತದೆ. ‘ಉರಿ ಸಾಲ್ತಿಲ್ಲ’ ಅಂತ ಮೆಕ್ಯಾನಿಕ್ ಒಂದನ್ನು ಕಿತ್ತು ಹಾಕುತ್ತಾನೆ, ಸಿಲಿಂಡರಿನ ಒತ್ತಡ ನೇರವಾಗಿ ಒಳಗೆ ನುಗ್ಗುವ ಹಾಗೆ ಮಾಡುತ್ತಾನೆ. ಅನಾಹುತ ಆಗುವುದು ಅಲ್ಲಿ. ಜೊತೆಗೆ ಅಲ್ಲಿಯ ಬರ್ನರಿನ ಜೆಟ್ ತೂತು ಪ್ರೊಪೇನ್‌ಗೆ ಲೆಕ್ಕ ಹಾಕಿ ಕೊರೆದದ್ದು, ನಮ್ಮ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತದ್ದು.

ಇನ್ನೊಂದು ಮಾತು. ಬಳಸಿದ ಗ್ರಿಲ್ಲನ್ನು ಗ್ಯಾಸಿನ ವಾಸನೆ ಇರುವಾಗಲೇ ವಿಮಾನಕ್ಕೆ ತಂದರೆ ಏರ್‌ಪೋರ್ಟಿನಲ್ಲೇ ಎತ್ತಿಟ್ಟುಕೊಳ್ಳುತ್ತಾರೆ. ಡಬ್ಬಿ ತರುವ ಮಾತಂತೂ ಇಲ್ಲವೇ ಇಲ್ಲ.

ಇಲ್ಲಿಯ ಎಲ್‌ಪಿಜಿಗೇ ಮಾಡಿದ ಗ್ರಿಲ್ ತಗೊಳ್ಳಿ, 5 ಕಿಲೋ ಸಿಲಿಂಡರ್ ಇಟ್ಟುಕೊಳ್ಳಿ. ವಿಳಾಸದ ದಾಖಲೆ ಇಲ್ಲದೆ ಬರೀ ಗುರುತಿನ ಚೀಟಿ ತೋರಿಸಿ ಕೊಳ್ಳುವ ಪುಟ್ಟ ಸಿಲಿಂಡರ್ ಇದೆಯಲ್ಲ, ಇಂಡಿಯನ್ ಆಯಿಲ್‌ನವರು ‘ಛೋಟು’ ಅನ್ನುತ್ತಾರೆ, ಅದು. ಚಿಕ್ಕ ಗ್ರಿಲ್ ಗಂಟೆಗೆ 180 ಗ್ರಾಂ ಆಸುಪಾಸು ಗ್ಯಾಸ್ ಕುಡಿಯುತ್ತದೆ, ಹಾಗಾಗಿ ಇಪ್ಪತ್ತು ಗಂಟೆಗೂ ಜಾಸ್ತಿ ಬರುತ್ತದೆ. ಪೈಪು ಮಾತ್ರ ಐಎಸ್‌ಐ ಗುರುತಿರುವ ಸುರಕ್ಷಾ ಪೈಪೇ ಆಗಿರಲಿ, 5 ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಅಕ್ಕಾ, ನಾವಿರೋದು ಎರಡನೇ ಮಹಡಿ ಅಪಾರ್ಟ್‌ಮೆಂಟ್. ಬಾಲ್ಕನಿಯಲ್ಲಿ ಚಿಕ್ಕ ಗ್ಯಾಸ್ ಗ್ರಿಲ್ ಇಟ್ಕೋಬಹುದಾ? ಎದುರು ಬಿಲ್ಡಿಂಗಲ್ಲಿ ಎಲ್ಲರೂ ಇಟ್ಟಿದ್ದಾರೆ.
— ಪ್ಲೇನೋ, ಟೆಕ್ಸಾಸ್

ಉತ್ತರ: ಎದುರು ಬಿಲ್ಡಿಂಗಿನವರು ನಿಮ್ಮ ದಂಡ ಕಟ್ಟುವುದಿಲ್ಲಮ್ಮ.

ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಫೈರ್ ಕೋಡ್ ಅಂತ ಒಂದು ಮಾದರಿ ನಿಯಮಾವಳಿ ಇದೆ. ಎಷ್ಟೋ ರಾಜ್ಯಗಳು, ನಗರಗಳು ಅದನ್ನು ತಮ್ಮ ತಮ್ಮ ತಿದ್ದುಪಡಿ ಸೇರಿಸಿ ಒಪ್ಪಿಕೊಂಡಿವೆ. ಅದರ ಪ್ರಕಾರ ಮರದಂಥ ಹೊತ್ತಿಕೊಳ್ಳುವ ಬಾಲ್ಕನಿಯ ಮೇಲಾಗಲೀ, ಅಂಥ ಗೋಡೆಯಿಂದ 10 ಅಡಿಯ ಒಳಗಾಗಲೀ ಇದ್ದಿಲಿನ ಗ್ರಿಲ್, ಗ್ಯಾಸ್ ಗ್ರಿಲ್‌ನಂಥ ತೆರೆದ ಉರಿಯ ಗ್ರಿಲ್ ಹಚ್ಚುವಂತಿಲ್ಲ. ವಿನಾಯಿತಿಗಳೂ ಇವೆ. ಬಿಡಿ ಮನೆಗಳಿಗೆ ಈ ನಿಯಮ ಇಲ್ಲ. ಸ್ಪ್ರಿಂಕ್ಲರ್ ಇರುವ ಕಟ್ಟಡಕ್ಕೆ ಸಡಿಲಿಕೆ ಇದೆ. 1 ಪೌಂಡ್ ಗ್ಯಾಸಿನ ಡಬ್ಬಿಗೂ ಇದೆ. ಆದ್ದರಿಂದಲೇ ಅಂಗಡಿಯವರು ‘ಚಿಕ್ಕ ಡಬ್ಬಿ ಆದ್ರೆ ತೊಂದರೆ ಇಲ್ಲ’ ಅಂತ ಧೈರ್ಯವಾಗಿ ಹೇಳುವುದು. ಅದನ್ನು ಪೂರ್ತಿ ನಂಬಬೇಡಿ. ನಿಮ್ಮ ಊರಿನ ತಿದ್ದುಪಡಿ ಬೇರೆ ಇರಬಹುದು, ಅದಕ್ಕಿಂತ ಮುಖ್ಯ ನಿಮ್ಮ ಲೀಸಿನಲ್ಲಿ ಏನು ಬರೆದಿದೆ ಅನ್ನುವುದು.

ನಾನು ಲೀಸ್ ಓದಿರಲಿಲ್ಲ. ಒಂದು ಭಾನುವಾರ ಮುಸುಕಿನ ಜೋಳ ಸುಟ್ಟೆವು, ಸೋಮವಾರ ಸಂಜೆ ಬಾಗಿಲಿಗೆ ಹಳದಿ ಚೀಟಿ ಅಂಟಿತ್ತು. ಮೂರು ದಿನದಲ್ಲಿ ಗ್ರಿಲ್ ತೆಗೆಯಿರಿ, ಇಲ್ಲವಾದರೆ ದಂಡ. ಸಿಟ್ಟು ಬಂತು, ಆದರೆ ತಪ್ಪು ನಮ್ಮದೇ. ಆಮೇಲಿಂದ ಗ್ರಿಲ್ ಡಿಕ್ಕಿಯಲ್ಲೇ ವಾಸ, ಅಡುಗೆ ಪಾರ್ಕಿನಲ್ಲಿ. ನಿಜ ಹೇಳಬೇಕೆಂದರೆ ಅದರಿಂದಲೇ ನಾವು ಜಾಸ್ತಿ ಸುಟ್ಟು ತಿಂದದ್ದು.

ಬೆಂಗಳೂರಿನ ಬಾಲ್ಕನಿಯವರೂ ಇದನ್ನೇ ಕೇಳಿದ್ದೀರಿ. ಅಸೋಸಿಯೇಷನ್‌ನ ನಿಯಮ ನೋಡಿ. ಮುಚ್ಚಿದ ಯುಟಿಲಿಟಿಯಲ್ಲಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹಾರಿ ಹೋಗುವುದಿಲ್ಲ, ನೆಲದ ಮೇಲೆ ಹರಡಿ ಮೂಲೆಯಲ್ಲಿ ಕೂರುತ್ತದೆ. ಮೇಲಿನ ಕಿಟಕಿ ತೆಗೆದಿದ್ದೇನೆ ಅಂದರೆ ಪ್ರಯೋಜನ ಇಲ್ಲ. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ವಾಲ್ವ್ ಮುಚ್ಚಿ ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮದು ಹೋಮ್‌ಸ್ಟೇ. ಅತಿಥಿಗಳಿಗೆ ಅಂತ ಬ್ಯೂಟೇನ್ ಡಬ್ಬಿ ಹಾಕುವ ಗ್ರಿಲ್ ತಂದೆವು. ಏಪ್ರಿಲ್‌ನಲ್ಲಿ ಚೆನ್ನಾಗಿತ್ತು. ಡಿಸೆಂಬರ್‌ನಲ್ಲಿ ರಾತ್ರಿ ಹಚ್ಚಿದರೆ ಕಾಲು ಗಂಟೆಗೆ ಉರಿ ಸಣ್ಣದಾಗುತ್ತದೆ. ಡಬ್ಬಿ ಅಲ್ಲಾಡಿಸಿದರೆ ಒಳಗೆ ಇನ್ನೂ ಗ್ಯಾಸ್ ಇದೆ!
— ಚಿಕ್ಕಮಗಳೂರು

ಉತ್ತರ: ಡಬ್ಬಿ ಮುಟ್ಟಿ ನೋಡಿದ್ದೀರಾ? ಮಂಜುಗಡ್ಡೆ ಥರ ತಣ್ಣಗಿರುತ್ತದೆ, ಹೊರಗೆ ನೀರು ಬೆವರಿರುತ್ತದೆ.

ಒಳಗಿರುವುದು ದ್ರವ. ಅದು ಆವಿಯಾಗಬೇಕಾದರೆ ಶಾಖ ಬೇಕು, ಆ ಶಾಖವನ್ನು ಡಬ್ಬಿಯಿಂದಲೇ ಎಳೆದುಕೊಳ್ಳುತ್ತದೆ, ಹಾಗಾಗಿ ಉರಿಸಿದಷ್ಟೂ ಡಬ್ಬಿ ತಣ್ಣಗಾಗುತ್ತ ಹೋಗುತ್ತದೆ. ಬ್ಯೂಟೇನ್ ಕುದಿಯುವುದೇ ಸೊನ್ನೆ ಡಿಗ್ರಿ ಹತ್ತಿರ, ಸರಿಯಾಗಿ ಹೇಳಿದರೆ ಮೈನಸ್ 0.5. ನಿಮ್ಮ ಮಲೆನಾಡಿನ ಚಳಿ ರಾತ್ರಿಯಲ್ಲಿ ಮೊದಲೇ ತಣ್ಣಗಿದ್ದ ಡಬ್ಬಿ ಇನ್ನಷ್ಟು ತಣ್ಣಗಾದರೆ ಒತ್ತಡ ಎಲ್ಲಿಂದ ಬರಬೇಕು? ಪ್ರೊಪೇನ್ ಮೈನಸ್ 42ರಲ್ಲೂ ಆವಿಯಾಗುತ್ತದೆ, ಅದಕ್ಕೇ ಒಹಾಯೊದ ಹಿಮದಲ್ಲೂ ನಮ್ಮ ಗ್ರಿಲ್ ಹತ್ತುತ್ತಿತ್ತು. ಹಚ್ಚುವವರ ಕೈ ಮಾತ್ರ ಮರಗಟ್ಟುತ್ತಿತ್ತು.

ಎರಡು ಡಬ್ಬಿ ಇಟ್ಟುಕೊಳ್ಳಿ. ಒಂದು ಮನೆಯೊಳಗೆ ಬೆಚ್ಚಗಿರಲಿ, ಉರಿ ಸೊರಗಿದಾಗ ಅದನ್ನು ಹಾಕಿ ಇದನ್ನು ಒಳಗಿಡಿ. ನಿಮ್ಮ ಗ್ರಿಲ್‌ಗೆ ಹೊಂದುವಂಥದ್ದರಲ್ಲಿ ಪ್ರೊಪೇನ್ ಬೆರೆಸಿದ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ದಯವಿಟ್ಟು ಡಬ್ಬಿಯನ್ನು ಬಿಸಿ ಮಾಡಲು ಹೋಗಬೇಡಿ. ಒಲೆ ಪಕ್ಕ ಇಡುವುದು, ಕುದಿಯುವ ನೀರು ಸುರಿಯುವುದು, ಗಾಳಿ ತಡೆಯಲು ಸುತ್ತಲೂ ತಗಡು ಕಟ್ಟುವುದು, ಇವೆಲ್ಲ ಡಬ್ಬಿ ಸಿಡಿಯುವ ದಾರಿಗಳು. ದೊಡ್ಡ ದೋಸೆ ಕಾವಲಿಯನ್ನು ಡಬ್ಬಿ ಇರುವ ಕಡೆಗೂ ಚಾಚುವ ಹಾಗೆ ಇಡುವುದೂ ಅಷ್ಟೇ. ಕಾವಲಿಯ ಬಿಸಿ ನೇರ ಡಬ್ಬಿಯ ಮೇಲೆ ಬಡಿಯುತ್ತದೆ. ನಿಮ್ಮ ಅತಿಥಿಗಳು ಎರಡು ಪೆಗ್ ಹಾಕಿದ ಮೇಲೆ ಇಂಥದ್ದನ್ನು ಮಾಡುವವರೇ, ಗ್ರಿಲ್ ಹತ್ತಿರ ನಿಮ್ಮ ಮನುಷ್ಯ ಒಬ್ಬ ಇರಲಿ.

ಪ್ರಶ್ನೆ: ನನ್ನದು 20 ಪೌಂಡ್ ಟ್ಯಾಂಕಿಗೆ ಮೆದುಗೊಳವೆ ಹಾಕಿದ ಗ್ರಿಲ್. ನಿನ್ನೆ ತನಕ ಸರಿಯಿತ್ತು. ಈಗ ಹೊಸ ಟ್ಯಾಂಕ್, ಆದರೂ ಉರಿ ಬೆರಳಷ್ಟೂ ಇಲ್ಲ. ರೆಗ್ಯುಲೇಟರ್ ಹೋಯಿತಾ?
— ಷಾರ್ಲೆಟ್, ನಾರ್ತ್ ಕ್ಯಾರೊಲಿನಾ

ಉತ್ತರ: ಹೋಗಿರಲಿಕ್ಕಿಲ್ಲ, ಕೊಳ್ಳಲು ಓಡಬೇಡಿ. ಗ್ರಿಲ್ಲಿನ ಗುಂಡಿ ತಿರುಗಿಸಿದ್ದ ಹಾಗೇ ಇದ್ದು ನೀವು ಟ್ಯಾಂಕ್ ವಾಲ್ವನ್ನು ಒಮ್ಮೆಲೇ ಪೂರ್ತಿ ತೆಗೆದಿದ್ದೀರಿ. ಗ್ಯಾಸ್ ಒಮ್ಮೆಲೇ ನುಗ್ಗಿದಾಗ ಟ್ಯಾಂಕಿನ ಕನೆಕ್ಷನ್‌ನಲ್ಲಿರುವ ಸುರಕ್ಷತೆಯ ತಡೆ ‘ಪೈಪ್ ಕಿತ್ತು ಹೋಗಿದೆ’ ಅಂತ ತಿಳಿದು ದಾರಿ ಅಡ್ಡಗಟ್ಟುತ್ತದೆ, ಒಂದಿಷ್ಟೇ ಇಷ್ಟು ಗ್ಯಾಸ್ ಬಿಡುತ್ತದೆ. ಟ್ಯಾಂಕ್ ಮುಚ್ಚಿ, ಗುಂಡಿಗಳನ್ನೆಲ್ಲ ಮುಚ್ಚಿ, ಕನೆಕ್ಷನ್ ಬಿಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಈಗ ವಾಲ್ವನ್ನು ನಿಧಾನವಾಗಿ ತೆಗೆಯಿರಿ, ಹಸುವಿನ ಕಟ್ಟು ಬಿಚ್ಚುವ ಹಾಗೆ. ಕನೆಕ್ಷನ್ ಹಾಕಿದ ಜಾಗಕ್ಕೆ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದಾ ನೋಡಿ, ಏಳದಿದ್ದರೆ ಹಚ್ಚಿ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವ ಧೀರರು ನಮ್ಮಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ.

ಪ್ರಶ್ನೆ: ಬಂಗುಡೆ ಇಟ್ಟರೆ ಅರ್ಧ ಮೀನು ಕಂಬಿಗೆ, ಅರ್ಧ ತಟ್ಟೆಗೆ. ಮಸಾಲೆ ಎಲ್ಲ ಕೆಳಗೆ. ಏನು ಮಾಡುವುದು ಮಾರಾಯ್ರೆ?
— ಸುರತ್ಕಲ್

ಉತ್ತರ: ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು. ಗ್ರಿಲ್ಲಿಗೆ ಬಂಗುಡೆಯಷ್ಟು ಒಗ್ಗುವ ಮೀನು ಇನ್ನೊಂದಿಲ್ಲ, ಅದರ ಎಣ್ಣೆಯಲ್ಲೇ ಅದು ಬೇಯುತ್ತದೆ.

ಮೊದಲನೆಯದು, ಒದ್ದೆ ಮೀನು ಅಂಟುತ್ತದೆ. ತೊಳೆದ ಮೇಲೆ ಹಳೆ ಕಾಟನ್ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ. ಎರಡೂ ಬದಿ ಮೂರು ಓರೆ ಗೀರು ಹಾಕಿ. ಎರಡನೆಯದು, ನಿಮ್ಮ ಮಸಾಲೆ ತವಾ ಫ್ರೈಯದ್ದು, ತುಂಬ ನೀರು. ಗ್ರಿಲ್ಲಿಗೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಅರಿಶಿನ, ಗಟ್ಟಿ ಹುಣಸೆ ರಸ ಹಾಕಿ ಚಟ್ನಿಗಿಂತ ಗಟ್ಟಿಯಾಗಿ ಅರೆಯಿರಿ. ಚಮಚದಿಂದ ಎತ್ತಿದರೆ ಬೀಳಬಾರದು. ಗೀರಿನೊಳಗೆ, ಹೊಟ್ಟೆಯೊಳಗೆ ತುಂಬಿ, ಹೊರಗೆ ತೆಳ್ಳಗೆ ಸವರಿ ಅರ್ಧ ಗಂಟೆ ಬಿಡಿ.

ಈಗ ಗ್ರಿಲ್. ಮುಚ್ಚಳ ತೆಗೆದೇ ಹಚ್ಚಬೇಕು. ಮುಚ್ಚಿಕೊಂಡು ಹಚ್ಚಿದರೆ ಒಳಗೆ ತುಂಬಿದ ಗ್ಯಾಸ್ ಒಮ್ಮೆಲೇ ಭುಗ್ ಅನ್ನುತ್ತದೆ. ನಮ್ಮ ಯಜಮಾನರ ಎಡಗೈ ಕೂದಲು, ಅರ್ಧ ಹುಬ್ಬು ಹೋದದ್ದು ಹಾಗೆ. ಹತ್ತಿದ ಮೇಲೆ ಮುಚ್ಚಿ, ಹತ್ತು ಹನ್ನೆರಡು ನಿಮಿಷ ಪೂರ್ತಿ ಉರಿಯಲ್ಲಿ ಕಾಯಲಿ. ಬಹಳ ಜನ ಇಲ್ಲೇ ಅವಸರ ಮಾಡುವುದು. ಕಂಬಿ ಕಾದಿದೆಯಾ ಅಂತ ನೋಡಲು ಒಂದು ಹನಿ ನೀರು ಹಾಕಿ, ಬಿದ್ದ ಕೂಡಲೇ ಮಾಯವಾಗಬೇಕು. ಎಣ್ಣೆಯನ್ನು ಕಂಬಿಗೆ ಸುರಿಯಬೇಡಿ, ಮೀನಿಗೆ ಸವರಿ. ಕೊಬ್ಬರಿ ಎಣ್ಣೆಯೇ ಆಗಲಿ.

ಮೀನನ್ನು ಕಂಬಿಗೆ ಓರೆಯಾಗಿ ಇಡಿ, ಉರಿ ಮಧ್ಯಮಕ್ಕೆ ಇಳಿಸಿ, ಮುಚ್ಚಿ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಬಾಲದ ಕಡೆಯಿಂದ ತೆಳ್ಳನೆ ಸೌಟು ತೂರಿಸಿ ಮೆಲ್ಲಗೆ ಎತ್ತಿ ನೋಡಿ. ಚರ್ಮ ಗರಿಯಾಗಿದ್ದರೆ ತಾನಾಗಿ ಬಿಟ್ಟುಕೊಡುತ್ತದೆ. ಹಿಡಿದುಕೊಂಡಿದ್ದರೆ ಎಳೆಯಬೇಡಿ, ಇನ್ನೊಂದು ನಿಮಿಷ ಬಿಡಿ. ಒಂದೇ ಸಲ ಮಗುಚಬೇಕು. ಎರಡನೇ ಬದಿಗೆ ಮೂರೂವರೆ ನಿಮಿಷ ಸಾಕು. ಬೆನ್ನಿನ ದಪ್ಪ ಜಾಗದಲ್ಲಿ ಫೋರ್ಕ್ ಚುಚ್ಚಿದರೆ ಮಾಂಸ ಬಿಳಿಯಾಗಿ ಪದರ ಪದರವಾಗಿ ಬಿಡಬೇಕು.

ಇಷ್ಟೆಲ್ಲ ತಾಳ್ಮೆ ಇಲ್ಲದಿದ್ದರೆ ಬಾಳೆ ಎಲೆಯಲ್ಲಿ ಸುತ್ತಿ ಇಡಿ. ಎಲೆ ಕಪ್ಪಾಗುತ್ತದೆ, ಮೀನು ಒಳಗೆ ಹಬೆಯಲ್ಲಿ ಬೇಯುತ್ತದೆ, ಅಂಟುವ ಮಾತೇ ಇಲ್ಲ. ಗರಿ ಬರುವುದಿಲ್ಲ, ಆದರೆ ಎಲೆಯ ಘಮ ಬರುತ್ತದೆ. ನನಗಂತೂ ಯಾವುದು ಹೆಚ್ಚು ಇಷ್ಟ ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪಾರ್ಕಿಗೆ ಹೋದಾಗ ಗೆಳೆಯರು ನಮ್ಮ ಗ್ರಿಲ್ಲಿನಲ್ಲೇ ಚಿಕನ್ ಹಾಕುತ್ತಾರೆ. ಬೇಡ ಅನ್ನಲು ಸಂಕೋಚ. ಇನ್ನು ನಾವು ಜೋಳ, ಪನೀರ್ ಬಿಟ್ಟರೆ ಏನು ಸುಡಬಹುದು?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಸಂಕೋಚ ಬಿಡಿ. ನಮ್ಮ ಅತ್ತೆ ಕೊಲಂಬಸ್‌ಗೆ ಬಂದಿದ್ದಾಗ ಗ್ರಿಲ್ ನೋಡಿ ಮೊದಲು ಕೇಳಿದ್ದೇ ಅದು, ‘ಇದರಲ್ಲಿ ಏನೇನು ಸುಟ್ಟಿದ್ದೀರಿ?’ ಅಂತ. ಫಾಯಿಲ್ ಹಾಸಿದರೆ ಅವರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಮುಚ್ಚಳದ ಒಳಗೆ ಹೊಗೆ ಎಲ್ಲ ಒಂದೇ. ಅವರು ಇದ್ದಷ್ಟು ದಿನ ಬೇರೆ ಕಂಬಿ ಕೊಂಡು, ಒಳಗೆಲ್ಲ ತಿಕ್ಕಿ ತೊಳೆದು, ಮಾಂಸ ಬಂದ್ ಮಾಡಿದೆವು. ಹಾಗೆ ಪಾಲಿಸುವವರು ನೀವಾದರೆ ಗೆಳೆಯರಿಗೆ ‘ಇದು ವೆಜ್ ಗ್ರಿಲ್’ ಅಂತ ನೇರವಾಗಿ ಹೇಳಿ. ಅಷ್ಟು ಕಟ್ಟುನಿಟ್ಟು ಇಲ್ಲ ಅಂದರೆ ಮೊದಲು ತರಕಾರಿ, ಕೊನೆಗೆ ಚಿಕನ್. ಇಕ್ಕಳ ಬೇರೆ ಬೇರೆ.

ಸುಡುವುದಕ್ಕೆ ಏನು ಬೇಕಾದರೂ ಇದೆ. ಗೆಣಸನ್ನು ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಮುಕ್ಕಾಲು ಗಂಟೆ ಮರೆತುಬಿಡಿ, ಸಿಪ್ಪೆ ಸುಲಿದು ತುಪ್ಪ ಹಾಕಿ ತಿನ್ನಿ. ಅನಾನಸ್ ಹೋಳಿಗೆ ಉಪ್ಪು, ಅಚ್ಚಖಾರದ ಪುಡಿ, ಚೂರು ಬೆಲ್ಲ. ಬೆಲ್ಲ ಮಾತ್ರ ಕೊನೆಯ ಎರಡು ನಿಮಿಷದಲ್ಲಿ, ಮೊದಲೇ ಹಾಕಿದರೆ ಕರಿಕಾಗುತ್ತದೆ. ಬಾಳೆಕಾಯಿಯನ್ನು ಹಾಗೇ ಸುಟ್ಟು ಕಿವುಚಿ ಮೊಸರಿಗೆ ಹಾಕಿ ಒಗ್ಗರಣೆ ಕೊಡಿ. ಟೊಮೆಟೊ, ಈರುಳ್ಳಿ, ಹಸಿಮೆಣಸು ಮೂರನ್ನೂ ಸುಟ್ಟು ಉಪ್ಪು ಹಾಕಿ ಕುಟ್ಟಿದರೆ ರೊಟ್ಟಿಗೆ ಬೇರೆ ಏನೂ ಬೇಡ.

ಬದನೆಕಾಯಿಯ ಮಾತು ಬಂದೇ ಬಿಟ್ಟಿತು. ದುಂಡನೆಯ ದೊಡ್ಡ ಬದನೆಗೆ ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ. ಚುಚ್ಚದಿದ್ದರೆ ಒಡೆದು ಮುಚ್ಚಳಕ್ಕೆ ಹಾರುತ್ತದೆ. ಪೂರ್ತಿ ಉರಿಯಲ್ಲಿ ಐದೈದು ನಿಮಿಷಕ್ಕೆ ಕಾಲು ಸುತ್ತು ತಿರುಗಿಸುತ್ತ ಇಪ್ಪತ್ತು ನಿಮಿಷ. ಗಾಳಿ ಹೋದ ಬಲೂನಿನ ಹಾಗೆ ಕುಸಿದು, ತೊಟ್ಟಿನ ಹತ್ತಿರವೂ ಮೆತ್ತಗಾಗಿರಬೇಕು. ತೆಗೆದು ಪಾತ್ರೆ ಮುಚ್ಚಿಡಿ, ಸಿಪ್ಪೆ ಸಲೀಸಾಗಿ ಬರುತ್ತದೆ. ನಲ್ಲಿ ಕೆಳಗೆ ತೊಳೆಯಬೇಡಿ, ಸುಟ್ಟ ರುಚಿಯನ್ನು ನೀರಿಗೆ ಬಿಟ್ಟ ಹಾಗಾಗುತ್ತದೆ.

ಪ್ರಶ್ನೆ: ಅಕ್ಕಾರ, ಮಳಿಗಾಲ ಮುಗದ ಮ್ಯಾಲೆ ಗ್ರಿಲ್ ತಗದು ಹಚ್ಚಿದ್ರ ಉರಿ ಹಳದಿ ಬರಾಕತ್ತೈತಿ, ರೊಟ್ಟಿ ಎಲ್ಲಾ ಮಸಿ. ಗ್ಯಾಸ್‌ನ್ಯಾಗ ಏನರ ಕಲಬೆರಕಿ ಐತೇನು?
— ಹುಬ್ಬಳ್ಳಿ

ಉತ್ತರ: ಕಲಬೆರಕೆ ಅಲ್ಲರೀ, ಜೇಡ!

ತಮಾಷೆ ಅಲ್ಲ. ಬರ್ನರ್ ಕೊಳವೆ ಶುರುವಾಗುವ ಕಡೆ ಗಾಳಿ ಎಳೆದುಕೊಳ್ಳಲು ಕಿಂಡಿ ಇರುತ್ತದೆ. ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆತರೆ ಉರಿ ನೀಲಿ, ಸಾಲದಿದ್ದರೆ ಹಳದಿ ಮತ್ತು ಮಸಿ. ಮೂರು ನಾಲ್ಕು ತಿಂಗಳು ಸುಮ್ಮನೆ ಬಿದ್ದಿದ್ದ ಗ್ರಿಲ್ಲಿನ ಆ ಕೊಳವೆ ಜೇಡಗಳಿಗೆ ಬಹಳ ಇಷ್ಟದ ಜಾಗ. ನಾನು ಮೊದಲ ಸಲ ಬಿಚ್ಚಿದಾಗ ಹತ್ತಿಯ ಉಂಡೆಯಂಥ ಬಿಳಿ ಗೂಡು ಸಿಕ್ಕಿತ್ತು, ಒಳಗೆ ಮೊಟ್ಟೆ. ಅಮೆರಿಕದ ಗ್ರಿಲ್ ಕಂಪನಿಗಳು ಆ ಕಿಂಡಿಗೆ ಜೇಡ ತಡೆಯುವ ಜಾಲರಿಯನ್ನೇ ಹಾಕಿ ಮಾರುತ್ತವೆ, ಕಾಟ ಅಷ್ಟಿದೆ.

ಸಿಲಿಂಡರ್ ಬೇರೆ ಮಾಡಿ, ಬರ್ನರ್ ಬಿಚ್ಚಿ, ಬಾಟಲಿ ತೊಳೆಯುವ ಉದ್ದನೆ ಬ್ರಷ್ ತೂರಿಸಿ. ಬರ್ನರಿನ ತೂತುಗಳಲ್ಲಿ ತುಕ್ಕಿದ್ದರೆ ತೆಳ್ಳನೆ ತಂತಿಯಿಂದ ಬಿಡಿಸಿ, ತೂತು ದೊಡ್ಡದು ಮಾಡಬೇಡಿ. ಹಳದಿ ಉರಿ ಅಂತ ಉದಾಸೀನ ಮಾಡಿದರೆ ಗ್ಯಾಸ್ ಹಿಂದಕ್ಕೆ ತಿರುಗಿ ಗುಂಡಿಯ ಹತ್ತಿರವೇ ಹತ್ತಿಕೊಳ್ಳುತ್ತದೆ. ಅದು ಆಟವಲ್ಲ. ಅಂದಹಾಗೆ, ಸೀತನಿ ಕಾಲದಲ್ಲಿ, ಅಂದರೆ ಬಿಳಿಜೋಳ ಇನ್ನೂ ಎಳೆಯದಿರುವಾಗ, ಒಂದು ಹಿಡಿ ತೆನೆಯನ್ನು ಗ್ರಿಲ್ಲಿನ ಮೇಲೆ ಸುಟ್ಟು ನೋಡಿದ್ದೀರಾ? ಕುಳ್ಳಿನ ಬೆಂಕಿಯ ರುಚಿ ಬರುತ್ತದಾ ಇಲ್ಲವಾ ಅಂತ ನನಗೆ ಬರೆಯಿರಿ.

ಪ್ರಶ್ನೆ: ಚಿಕನ್ ಕಾಲು ಹೊರಗೆ ಕರ್ರಗೆ, ಒಳಗೆ ಹಸಿ. ಹಂದಿಮಾಂಸ ಇಟ್ಟರೆ ಬೆಂಕಿಯೇ ಎದ್ದು ಬಿಡುತ್ತದೆ.
— ಮಡಿಕೇರಿ

ಉತ್ತರ: ಎರಡಕ್ಕೂ ಕಾರಣ ಒಂದೇ, ಉರಿ ಜಾಸ್ತಿ. ಮೊದಲ ಮೂರು ನಿಮಿಷ ಜೋರು, ಬಣ್ಣ ಬಂದ ಕೂಡಲೇ ಪೂರ್ತಿ ಇಳಿಸಿ ಮುಚ್ಚಿ. ಮೂಳೆ ಸಮೇತದ ಕಾಲಿಗೆ ಅರ್ಧ ಗಂಟೆ ಬೇಕು, ಅದಕ್ಕಿಂತ ಬೇಗ ಆಗುತ್ತದೆ ಅನ್ನುವವರನ್ನು ನಂಬಬೇಡಿ. ಚುಚ್ಚುವ ಥರ್ಮಾಮೀಟರ್ ಒಂದು ಕೊಳ್ಳಿ. ಮೂಳೆಗೆ ತಾಗದ ಹಾಗೆ ದಪ್ಪ ಜಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಚಿಕನ್ ಬೆಂದಿದೆ ಅಂತ. ಬಣ್ಣ ನೋಡಿ ಹೇಳುವುದೆಲ್ಲ ಅಂದಾಜು.

ಹಂದಿಗೆ ಕೊಬ್ಬಿನ ತೊಂದರೆಯೂ ಸೇರುತ್ತದೆ. ನಿಮ್ಮ ಕಡೆಯವರಿಗೆ ಕೊಬ್ಬು ಕಡಿಮೆ ಮಾಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಉಪ್ಪು, ಅರಿಶಿನ, ಮೆಣಸಿನಪುಡಿ ಹಾಕಿ ಮುಕ್ಕಾಲು ಭಾಗ ಒಲೆಯ ಮೇಲೆ ಬೇಯಿಸಿ ಕೊಬ್ಬು ಬಿಡಿಸಿಕೊಂಡು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಸವರಿ, ಕೊನೆಯ ಹತ್ತು ನಿಮಿಷ ಗ್ರಿಲ್ಲಿಗೆ ಹಾಕಿ. ಬೆಂಕಿ ಎದ್ದರೆ ನೀರು ಎರಚಬೇಡಿ, ಉರಿಯುವ ಕೊಬ್ಬು ಮುಖಕ್ಕೆ ಸಿಡಿಯುತ್ತದೆ. ಮಾಂಸ ಪಕ್ಕಕ್ಕೆ ಸರಿಸಿ, ಗುಂಡಿ ಇಳಿಸಿ, ಮುಚ್ಚಳ ಹಾಕಿ. ಆಗಲೂ ನಿಲ್ಲದಿದ್ದರೆ ಗ್ಯಾಸ್ ಬಂದ್. ಕೆಳಗಿನ ಎಣ್ಣೆ ತಟ್ಟೆಯಲ್ಲಿ ಹೋದ ತಿಂಗಳ ಜಿಡ್ಡು ಹಾಗೇ ಇದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ, ಪ್ರತಿ ಸಲ ತೊಳೆಯಿರಿ.

ಪ್ರಶ್ನೆ: ತಂತಿ ಬ್ರಷ್‌ನಿಂದ ಕಂಬಿ ತಿಕ್ಕಿದರೆ ಸಾಕಾ?
— ತುಮಕೂರು

ಉತ್ತರ: ತಂತಿ ಬ್ರಷ್ ಬೇಡ. ಅದರ ಎಳೆ ಉದುರಿ ಕಂಬಿಗೆ ಅಂಟಿ, ಅಲ್ಲಿಂದ ಊಟಕ್ಕೆ ಸೇರಿ, ಗಂಟಲು ಕರುಳಿಗೆ ಚುಚ್ಚಿ ಆಪರೇಷನ್ ಮಾಡಿಸಿಕೊಂಡವರಿದ್ದಾರೆ. ಕಂಬಿ ಬಿಸಿ ಇರುವಾಗ ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಉಜ್ಜಿ. ಹಠಮಾರಿ ಕೊಳೆಗೆ ಮುದ್ದೆ ಮಾಡಿದ ಫಾಯಿಲನ್ನು ಇಕ್ಕಳದಲ್ಲಿ ಹಿಡಿದು ತಿಕ್ಕಿ.

ಪ್ರಶ್ನೆ: ಸಕಲೇಶಪುರಕ್ಕೆ ಟೆಂಟ್ ಹಾಕಲು ಹೋಗುತ್ತಿದ್ದೇವೆ. ಮಳೆ ಬಂದರೆ ಟೆಂಟ್ ಒಳಗೆ ಗ್ರಿಲ್ ಹಚ್ಚಬಹುದಾ? ರೈಲಿನಲ್ಲಿ ಒಯ್ಯಬಹುದಾ?
— ಕಾಲೇಜು ಹುಡುಗರು, ಹಾಸನ

ಉತ್ತರ: ಎರಡಕ್ಕೂ ಇಲ್ಲ. ರೈಲಿನಲ್ಲಿ ಗ್ಯಾಸ್ ಒಯ್ಯುವುದು ಅಪರಾಧ, ಖಾಲಿ ಬೋಗಿ ಅಂದರೂ ಅಷ್ಟೇ. ಟೆಂಟ್ ಒಳಗೆ ಹಚ್ಚಿದರೆ ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ, ಅದಕ್ಕಿಂತ ದೊಡ್ಡದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಬಂದು ನಿದ್ದೆ ಬಂದ ಹಾಗಾಗುತ್ತದೆ, ಏಳುವುದೇ ಇಲ್ಲ. ಚಳಿ ಅಂತ ಟೆಂಟ್ ಒಳಗೆ, ಕಾರಿನೊಳಗೆ ಇಟ್ಟುಕೊಳ್ಳುವುದೂ ಇದಕ್ಕೇ ಸೇರಿತು. ಮಳೆ ಬಂದರೆ ಆ ದಿನ ಚಪಾತಿ, ಚಟ್ನಿಪುಡಿ ತಿನ್ನಿ. ಮನೆಯಿಂದ ಹೊರಡುವಾಗಲೇ ಕಟ್ಟಿಸಿಕೊಂಡು ಹೋಗಿ, ನಿಮ್ಮ ಅಮ್ಮಂದಿರು ಹೇಗೂ ಕಟ್ಟಿಯೇ ಇರುತ್ತಾರೆ.

ಪ್ರಶ್ನೆ: ಮನೆಯಲ್ಲಿ ಒಂದು ಲೋಟ ಎತ್ತಿಡದ ನಮ್ಮವರು ಗ್ರಿಲ್ ಹಚ್ಚಿದ ದಿನ ಮಾತ್ರ ‘ಇವತ್ತು ಅಡುಗೆ ನಂದು’ ಅಂತಾರೆ. ಈರುಳ್ಳಿ ಹೆಚ್ಚುವುದು, ಮಸಾಲೆ ಅರೆಯುವುದು, ಆಮೇಲೆ ತೊಳೆಯುವುದು ಎಲ್ಲ ನಾನೇ. ಇದಕ್ಕೇನು ಪರಿಹಾರ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೇಲೆ ಹೇಳಿದ ಎಣ್ಣೆ ತಟ್ಟೆ ಇದೆಯಲ್ಲ, ಅದನ್ನು ತೊಳೆಯುವುದು ‘ಗ್ರಿಲ್ ಮಾಡಿದವರ ಕೆಲಸ’ ಅಂತ ಈ ಪುಟ ತೋರಿಸಿ ಹೇಳಿ. ನಮ್ಮ ಮನೆಯಲ್ಲಿ ಹಾಗೆ ಹೇಳಿದ ಮೇಲೆ ತಿಂಗಳಿಗೆ ನಾಲ್ಕು ಸಲ ಇದ್ದ ಗ್ರಿಲ್ ಒಂದು ಸಲಕ್ಕೆ ಇಳಿಯಿತು. ಗ್ಯಾಸ್ ಉಳಿಯಿತು.